ಸಲೋಮಿಯ ಬೆರಳು

ನದಿ ಕಡಲನ್ನು ಸೇರುವ ಕಡೆ ನೀರಿನ ನಡುವೆ ಒಂದು ಕುದ್ರು ಇತ್ತು. ಸುತ್ತಲೂ ನೀರು, ಮಧ್ಯದಲ್ಲಿ ಅಂಗೈಯಗಲ ನೆಲ; ಅಂಥ ನೆಲಕ್ಕೆ ಆ ಕಡೆಯವರು ಕುದ್ರು ಎನ್ನುತ್ತಾರೆ. ಅಲ್ಲಿ ಸಲೋಮಿ ಎಂಬ ಹೆಂಗಸು ತನ್ನ ಗಂಡ ಎಲ್ಕಾನನ ಜೊತೆ ವಾಸವಾಗಿದ್ದಳು. ಎಲ್ಕಾನ ಕಡವಿನ ದೋಣಿಯವನು. ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು ಅವನ ಕೆಲಸ. ಸಲೋಮಿ ಮನೆಯಲ್ಲೇ ಕೋಳಿ ಸಾಕಿಕೊಂಡಿದ್ದಳು. ಭಾನುವಾರ ಮಾತ್ರ ಗಂಡನ ದೋಣಿಯಲ್ಲಿ ಆಚೆ ದಡದ ಚರ್ಚಿಗೆ ಹೋಗಿಬರುತ್ತಿದ್ದಳು.

ಸಲೋಮಿ ಭಾರೀ ಭಕ್ತಿವಂತೆ. ಬೆಳಿಗ್ಗೆ ಬೈಬಲು ತೆರೆಯದೆ ಅವಳು ಒಂದು ತೊಟ್ಟು ಚಾವನ್ನೂ ಕುಡಿದವಳಲ್ಲ. ಆದರೆ ಮಕ್ಕಳೇ, ತೆರೆಯುವುದು ಬೇರೆ, ಓದುವುದು ಬೇರೆ. ಸಲೋಮಿ ತೆರೆಯುತ್ತಿದ್ದಳು, ಅಷ್ಟೆ.

ಅವಳ ಪದ್ಧತಿ ಹೀಗಿತ್ತು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವುದು. ಮುಚ್ಚಿದ ಕಣ್ಣಲ್ಲೇ ಪುಸ್ತಕವನ್ನು ಎಲ್ಲೋ ಒಂದು ಕಡೆ ಬಿಡಿಸುವುದು. ಪುಟದ ಮೇಲೆ ಬೆರಳಿಡುವುದು. ಬೆರಳು ಬಿದ್ದ ಸಾಲೇ ಆ ದಿನದ ದೇವರ ಅಪ್ಪಣೆ. ಸಾಲಿನ ಮೇಲೇನಿದೆ, ಕೆಳಗೇನಿದೆ ಎಂದು ನೋಡುವ ಗೋಜಿಗೆ ಅವಳು ಹೋಗುತ್ತಿರಲಿಲ್ಲ. ಆ ಒಂದು ಸಾಲು ಓದಿ, ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು ಏಳುತ್ತಿದ್ದಳು.

ಒಂದು ಸಲ ಕ್ರಿಸ್‌ಮಸ್ಸಿಗೆ ಹುಂಜ ಕೊಯ್ಯಬೇಕೆಂದು ಎಲ್ಕಾನ ಕತ್ತಿ ಮಸೆಯುತ್ತಿದ್ದ. ಅಂದು ಸಲೋಮಿಯ ಬೆರಳು ಪೇತ್ರನ ಕಥೆಯಲ್ಲಿ ಕೋಳಿ ಕೂಗುವ ಜಾಗದ ಮೇಲೆ ಬಿತ್ತು. "ಇವರೇ, ಕತ್ತಿ ಒಳಗಿಡಿ. ಕೋಳಿ ಕೂಗಬೇಕಂತೆ," ಎಂದಳು. ಹುಂಜ ಬದುಕಿತು. ಎಲ್ಕಾನ ಆ ಹಬ್ಬದಲ್ಲಿ ಬೇಳೆಸಾರು ಉಂಡ. ಇಂಥದ್ದಕ್ಕೆಲ್ಲ ಅವನು ನಕ್ಕು ಸುಮ್ಮನಾಗುತ್ತಿದ್ದ. ಹುಂಜದ ವಿಷಯದಲ್ಲಿ ಹೆಂಡತಿ ತಪ್ಪಿದರೆ ನಷ್ಟ ಹೊಟ್ಟೆಗೆ ಮಾತ್ರ ತಾನೆ?

ಆದರೆ ಕಾಲ ಕಳೆದಂತೆ ಸಲೋಮಿಯ ಕಣ್ಣಿಗೆ ಪೊರೆ ಬಂತು. ಮೊದಮೊದಲು ನದಿಯ ಮೇಲೆ ಮಂಜು ಬಿದ್ದಿದೆ ಎಂದುಕೊಂಡಳು. ಮಧ್ಯಾಹ್ನವಾದರೂ ಮಂಜು ಕರಗಲಿಲ್ಲ. ಆಚೆ ದಡದ ತೆಂಗಿನ ಮರಗಳು ಕರಗಿಹೋದವು. ಆಮೇಲೆ ಅಂಗಳದ ಕೋಳಿಗಳು ಮಸುಕಾದ ಉಂಡೆಗಳಾದವು. ಬೆಳ್ಳಕ್ಕಿಗಳು ನೀರಿನಿಂದ ಏಳುವಾಗ ನದಿಯೇ ತುಂಡು ತುಂಡಾಗಿ ಮೇಲೆ ಹಾರಿದಂತೆ ಅವಳಿಗೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಅದು ಅವಳಿಗೆ ಚಂದವೇ ಅನ್ನಿಸುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು.

ಆಚೆ ದಡದ ಪೇಟೆಯಲ್ಲಿ ಕಣ್ಣಿನ ಆಸ್ಪತ್ರೆ ಇತ್ತು. ಡಾಕ್ಟ್ರಮ್ಮ ನೋಡಿ, "ಬಲಗಣ್ಣಿಗೆ ಬೇಗ ಆಪರೇಶನ್ ಆಗಬೇಕು. ಪೊರೆ ತುಂಬ ಬಲಿತರೆ ಒಳಗೆ ಒತ್ತಡ ಏರಿ ಕಣ್ಣಿನ ನರವೇ ಹೋಗ್ತದೆ. ಆಮೇಲೆ ಯಾರಿಂದಲೂ ಏನೂ ಮಾಡಲಿಕ್ಕೆ ಆಗುವುದಿಲ್ಲ," ಎಂದು ದಿನ ಕೊಟ್ಟರು.

ಆ ದಿನ ಬೆಳಿಗ್ಗೆ ಸಲೋಮಿ ಬೆರಳಿಟ್ಟು, ಪುಟವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಶಿಷ್ಯರು ಊರಲ್ಲೇ ಕಾದಿರಬೇಕು ಎಂದು ಯೇಸು ಹೇಳುವ ಜಾಗ ಬಂತು. "ಕಾಯಬೇಕಂತೆ," ಎಂದು ಅವಳು ಮನೆಯಲ್ಲೇ ಉಳಿದಳು. ಡಾಕ್ಟ್ರಮ್ಮ ಇನ್ನೊಂದು ದಿನ ಕೊಟ್ಟರು. ಆ ಸಲ ಬೆರಳು ಬಿದ್ದದ್ದು ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ನಡುವಿನ ಖಾಲಿ ಹಾಳೆಯ ಮೇಲೆ. ಸಲೋಮಿ ಆ ಬಿಳಿ ಹಾಳೆಯನ್ನು ಬಹಳ ಹೊತ್ತು ಸವರಿದಳು. "ದೇವರು ಮಾತಾಡಲಿಲ್ಲ. ಹಾಗಾದರೆ ನಾನೂ ಅಲುಗಾಡುವುದಿಲ್ಲ," ಎಂದಳು.

ಹೀಗೆ ದಿನ ದೂಡುತ್ತಾ ದೂಡುತ್ತಾ ಒಂದು ದಿನ ಬಲಗಣ್ಣು ಕೆಂಪಗಾಗಿ, ತಲೆ ಸಿಡಿಯುವಂತೆ ನೋಯತೊಡಗಿತು. ನೋವು ಇಳಿಯುವ ಹೊತ್ತಿಗೆ ಆ ಕಣ್ಣಿನಲ್ಲಿ ಮಂಜೂ ಇರಲಿಲ್ಲ, ಬೆಳಕೂ ಇರಲಿಲ್ಲ. ಡಾಕ್ಟ್ರಮ್ಮ ಟಾರ್ಚು ಬಿಟ್ಟು ನೋಡಿದರು. "ಇದು ಹೋಯ್ತಮ್ಮ. ಎಡಗಣ್ಣೂ ಅದೇ ದಾರಿಯಲ್ಲಿದೆ. ಈ ಬುಧವಾರ ಬಂದರೆ ಪ್ರಯತ್ನ ಮಾಡಬಹುದು. ಬಾರದಿದ್ದರೆ ನಾನು ಮಾತು ಕೊಡಲಾರೆ," ಎಂದರು.

ಅಂದು ದೋಣಿಯಲ್ಲಿ ವಾಪಸು ಬರುವಾಗ ಎಲ್ಕಾನ ನಗಲಿಲ್ಲ. ಹೆಂಡತಿಯ ಮೇಲೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಎರಡನ್ನೂ ನುಂಗಿಕೊಂಡು ದಡ ಸೇರಿಸಿದ.

ಬುಧವಾರ ಬೆಳಗಾಯಿತು. ನದಿಯ ಮೇಲೆ ಈ ಸಲ ನಿಜವಾದ ಮಂಜೇ ಬಿದ್ದಿತ್ತು. ಎಲ್ಕಾನ ದೋಣಿಯ ನೀರು ಚೆಲ್ಲಿ, ಚಾಪೆ ಹಾಸಿ, ಬಾಗಿಲಿಗೆ ಬಂದ.

"ಹೊರಡುವ, ಏಳು."

"ತಡೀರಿ. ಬೆರಳಿಡ್ಲಿಕ್ಕೆ ಉಂಟು," ಎಂದಳು ಸಲೋಮಿ.

"ಬೆರಳಿಟ್ಟು ಎಂತ ಮಾಡ್ತಿ ಮಾರಾಯ್ತಿ? ಅಕ್ಷರ ಕಾಣ್ತದಾ ನಿಂಗೆ?"

"ನಂಗೆ ಕಾಣುದಿಲ್ಲ. ನಾನು ಬೆರಳಿಡ್ತೇನೆ, ನೀವು ಓದಿ."

ಎಲ್ಕಾನ ಅವಳ ಎದುರು ಕುಳಿತ. ಸಲೋಮಿಯ ಎದೆ ಡವಗುಟ್ಟುತ್ತಿತ್ತು. ಇದ್ದ ಒಂದು ಕಣ್ಣಿಗೆ ಯಾರೋ ಕತ್ತಿ ತಾಗಿಸುತ್ತಾರೆ ಎಂಬುದನ್ನು ನೆನೆದರೇ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಅವಳು ಪುಸ್ತಕ ಬಿಡಿಸಿ ಬೆರಳಿಟ್ಟಳು. ಎಲ್ಕಾನ ಬಗ್ಗಿ ನೋಡಿ, ಅಕ್ಷರ ಅಕ್ಷರ ಕೂಡಿಸಿ ಓದಿದ. ಸಮುದ್ರದಲ್ಲಿ ದೊಡ್ಡ ಬಿರುಗಾಳಿ ಎದ್ದು ಹಡಗು ಒಡೆದುಹೋಗುವ ಹಾಗಾಯಿತು ಎಂಬ ಮಾತು ಅಲ್ಲಿತ್ತು.

"ಸಾಕು, ಮುಚ್ಚಿ!" ಸಲೋಮಿ ಎರಡೂ ಕೈ ಎತ್ತಿದಳು. "ಕೇಳಿದ್ರಲ್ಲ? ಇವತ್ತು ದೋಣಿ ಹತ್ಲಿಕ್ಕಿಲ್ಲ. ದೇವರೇ ಬೇಡ ಅಂದ ಮೇಲೆ ಮುಗೀತು."

ಅವಳ ಮುಖದಲ್ಲಿ ಒಂದು ನೆಮ್ಮದಿ ಹರಡಿತು. ಹೋಗದೆ ಇರುವುದಕ್ಕೆ ನೆಪ ಸಿಕ್ಕಿದ ನೆಮ್ಮದಿ ಅದು.

ಎಲ್ಕಾನ ಪುಸ್ತಕ ಮುಚ್ಚಲಿಲ್ಲ. ಅವನು ಓದುವುದರಲ್ಲಿ ಬಹಳ ನಿಧಾನ. ದೋಣಿಗೆ ಜನ ಕಾಯುವ ಹೊತ್ತಿನಲ್ಲಿ ದಿನಕ್ಕೊಂದು ಅಧ್ಯಾಯ, ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದುವವನು. ಅಲ್ಲಲ್ಲಿ ಅರ್ಥವಾಗದಿದ್ದರೂ ಬಿಡುತ್ತಿರಲಿಲ್ಲ. ಇಂಥವನ ಮಗ ಇಂಥವನು ಎಂದು ಪುಟಗಟ್ಟಲೆ ಹೆಸರು ಬರುವ ಕಡೆಯೂ ಒಂದು ಹೆಸರು ಹಾರಿಸುತ್ತಿರಲಿಲ್ಲ.

"ಅಧ್ಯಾಯ ಮುಗಿಯದೆ ಪುಸ್ತಕ ಮುಚ್ಬಾರ್ದು ಅಂತ ನಮ್ಮಪ್ಪ ಹೇಳ್ತಿದ್ರು," ಎಂದ. "ಅಲ್ಲದೆ ನಡುವಿಂದ ಓದಿದ್ರೆ ನಂಗೆ ತಲೆಬುಡ ಗೊತ್ತಾಗುದಿಲ್ಲ. ಮೇಲಿಂದ ಓದ್ತೇನೆ. ನೀನು ಕೂತ್ಕೋ. ದೋಣಿ ಹೇಗೂ ಹೋಗುದಿಲ್ಲ ಅಂದ ಮೇಲೆ ನಿಂಗೆಂತ ಅವಸರ?"

ಅದು ಯೋನನ ಕಥೆ. ಎಲ್ಕಾನ ಮೊದಲಿನಿಂದ ತೊಡಗಿದ. ನಿನೆವೆ ಎಂಬ ಪಟ್ಟಣಕ್ಕೆ ಹೋಗು ಎಂದು ದೇವರು ಯೋನನಿಗೆ ಹೇಳಿದ. ಯೋನ ಎದ್ದ, ಆದರೆ ಓಡಿದ್ದು ಬೇರೆ ದಿಕ್ಕಿಗೆ. ರೇವಿಗೆ ಹೋಗಿ ಬಾಡಿಗೆ ಕೊಟ್ಟು ಹಡಗು ಹತ್ತಿದ.

"ಬಾಡಿಗೆ ಕೊಟ್ಟೇ ಹತ್ತಿದ್ದಾನೆ, ಪಾಪ," ಎಂದು ಎಲ್ಕಾನ ನಡುವೆ ಮೆಚ್ಚಿಕೊಂಡ. ದೋಣಿಯವನಿಗೆ ಅದು ಸಣ್ಣ ವಿಷಯವಲ್ಲ.

ಸಲೋಮಿ ಗೋಡೆಗೊರಗಿ ಕುಳಿತಿದ್ದಳು. ಗಂಡನ ದನಿ ಹುಟ್ಟು ಹಾಕಿದಂತೆ ಎದ್ದು ಬಿದ್ದು ಸಾಗುತ್ತಿತ್ತು. ತೆರೆದ ಬಾಗಿಲಿನಿಂದ ಮಂಜು ಒಳಗೆ ಬರುತ್ತಿತ್ತು. ಅವಳ ಎಡಗಣ್ಣಿನ ಬಿಳುಪಿನಲ್ಲಿ ಆ ಹಡಗು ಮೆಲ್ಲಗೆ ಮೂಡಿತು. ಹಾಯಿ ಹರಿದಿತ್ತು, ಹಲಗೆಗಳು ಕಿರುಗುಟ್ಟುತ್ತಿದ್ದವು. ನಾವಿಕರು ಸಾಮಾನು ಎತ್ತಿ ನೀರಿಗೆ ಎಸೆಯುತ್ತಿದ್ದರು. ಯೋನ ಮಾತ್ರ ಕೆಳಗೆ, ಹಡಗಿನ ಹೊಟ್ಟೆಯಲ್ಲಿ, ಗಾಢ ನಿದ್ದೆಯಲ್ಲಿದ್ದ. ಸಲೋಮಿ ಮೆಟ್ಟಿಲಿಳಿದು ಅವನ ಹತ್ತಿರ ಹೋದ ಹಾಗೆ, ಬಗ್ಗಿ ಮುಸುಕು ಸರಿಸಿದ ಹಾಗೆ ಅವಳಿಗೆ ಅನ್ನಿಸಿತು. ಅಲ್ಲಿ ಮಲಗಿದ್ದವಳು ಅವಳೇ ಆಗಿದ್ದಳು.

ಅವಳು ಬೆಚ್ಚಿದಳು.

"ಇವರೇ, ಗಾಳಿ ಎದ್ದದ್ದು ಅವ ಹಡಗು ಹತ್ತಿದ್ದಕ್ಕಲ್ವಾ?"

"ಅಲ್ಲ. ಹೋಗು ಅಂದ ಕಡೆ ಹೋಗದೆ ಓಡಿದ್ದಕ್ಕೆ."

ಸಲೋಮಿ ಗೋಡೆ ಬಿಟ್ಟು ಮುಂದಕ್ಕೆ ಸರಿದು ಕುಳಿತಳು. ಎಲ್ಕಾನ ಓದಿದ. ಯೋನನನ್ನು ಸಮುದ್ರಕ್ಕೆ ಎಸೆದರು. ದೊಡ್ಡ ಮೀನೊಂದು ಅವನನ್ನು ನುಂಗಿತು. ಅಲ್ಲಿಗೆ ಅಧ್ಯಾಯ ಮುಗಿಯಿತು. ಎಲ್ಕಾನ ಪುಸ್ತಕ ಮುಚ್ಚಲು ಹೋದ.

"ಮುಚ್ಬೇಡಿ," ಎಂದಳು ಸಲೋಮಿ. "ಪಾಪ, ಮೀನಿನ ಹೊಟ್ಟೆಯಲ್ಲಿ ಬಿಟ್ಟು ಏಳುದು ಹೇಗೆ? ಮುಂದೆ ಓದಿ."

ಅಷ್ಟು ವರ್ಷಗಳಲ್ಲಿ ಮುಂದೆ ಏನಾಯಿತು ಎಂದು ಅವಳು ಕೇಳಿದ್ದು ಅದೇ ಮೊದಲು. ಎಲ್ಕಾನ ಓದಿದ. ಮೀನಿನ ಹೊಟ್ಟೆಯ ಕತ್ತಲಲ್ಲಿ ಯೋನ ಪ್ರಾರ್ಥಿಸಿದ. ಪಾಚಿ ತಲೆಗೆ ಸುತ್ತಿಕೊಂಡಿತ್ತು, ಮೇಲೆ ಸಮುದ್ರವೆಲ್ಲ ಹೇರಿಕೊಂಡಿತ್ತು. ಆ ಕತ್ತಲಲ್ಲೂ ದೇವರು ಅವನ ಕೂಗನ್ನು ಕೇಳಿದ. ಮೀನು ಅವನನ್ನು ಒಣನೆಲಕ್ಕೆ ತಂದು ಬಿಟ್ಟಿತು.

ಸಲೋಮಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕಾಣುವ ಕಣ್ಣಿನಿಂದಲೂ, ಕಾಣದ ಕಣ್ಣಿನಿಂದಲೂ.

"ಇಷ್ಟು ಸಮಯ ನಾನು ದೇವರನ್ನು ಕೇಳ್ತಾ ಇರ್ಲಿಲ್ಲ," ಎಂದಳು. "ನನ್ನ ಹೆದರಿಕೆಗೆ ದೇವರ ಸಹಿ ಹಾಕಿಸ್ಕೊಳ್ತಾ ಇದ್ದೆ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ತಟಕ್ಕನೆ ಎದ್ದಳು. "ಹಾಗಾದ್ರೆ ಪಟ್ಟಣಕ್ಕೆ ಹೋಗು ಅಂತಲೇ ದೇವರು ಹೇಳಿದ್ದು! ಇವತ್ತಿನ ಅಪ್ಪಣೆ ಅದೇ!"

ನೋಡಿ, ಹಳೆಯ ಚಾಳಿ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಎಲ್ಕಾನ ತಲೆ ಚಚ್ಚಿಕೊಂಡ.

"ಅದು ಯೋನನಿಗೆ ಹೇಳಿದ್ದು ಮಾರಾಯ್ತಿ. ನಿಂಗೆ ಡಾಕ್ಟ್ರಮ್ಮ ಹೇಳಿದ್ದಾರಲ್ಲ, ಸಾಲದಾ?"

"ಮತ್ತೆ ಈ ಕಥೆಯಲ್ಲಿ ನಂಗೆ ಎಂತ ಉಂಟು?"

ಎಲ್ಕಾನ ಪಾದ್ರಿಯಂತೆ ಪ್ರಸಂಗ ಮಾಡುವವನಲ್ಲ, ಮಾತು ಹುಡುಕಲು ಅವನಿಗೆ ಸಮಯ ಬೇಕು. ಕೊನೆಗೆ ಹೇಳಿದ, "ಓಡಿಹೋದವನನ್ನೂ ನೀರಲ್ಲಿ ಬಿಟ್ಟುಬಿಡದ ದೇವರು ಉಂಟು. ನಿಂಗೆ ಅಷ್ಟು ಸಾಕು. ದೋಣಿ ಹತ್ತು."

ಸಲೋಮಿ ಬೈಬಲನ್ನು ಚೀಲಕ್ಕೆ ಹಾಕಿಕೊಂಡು ದೋಣಿ ಹತ್ತಿದಳು.

ಹೊರಗೂ ಬಿಳುಪು, ಕಣ್ಣೊಳಗೂ ಬಿಳುಪು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಅವಳಿಗೆ ತಿಳಿಯಲಿಲ್ಲ. ದೋಣಿ ಮೋಡದ ಮೇಲೆ ತೇಲುತ್ತಿದೆಯೋ ಎಂಬಂತಿತ್ತು. ಎಲ್ಲೋ ದೂರದಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವ ಹೆಂಗಸರ ಮಾತು ಕೇಳಿಸುತ್ತಿತ್ತು. ಒಬ್ಬಳು ನಕ್ಕಳು. ಆ ನಗು ನೀರಿನ ಮೇಲೆ ಬಹಳ ಹೊತ್ತು ಉಳಿಯಿತು.

ನಡುಹೊಳೆಗೆ ಬಂದಾಗ ಕಡಲಿನ ಉಬ್ಬರ ಹೊಳೆಯ ಸೆಳೆತಕ್ಕೆ ಎದುರಾಗಿ ದೋಣಿ ಒಮ್ಮೆ ವಾಲಿತು. ಸಲೋಮಿಯ ಕೈ ತಾನಾಗಿ ಚೀಲದೊಳಗೆ ಹೋಯಿತು. ಬೆರಳುಗಳು ಪುಸ್ತಕದ ಅಂಚನ್ನು ಮುಟ್ಟಿದವು. ಒಂದೇ ಒಂದು ಸಲ, ಒಂದೇ ಒಂದು ಸಾಲು! "ಹೆದರಬೇಡ" ಎಂದು ಬಂದರೆ ಎಷ್ಟು ಸುಖ! ಬೇರೆ ಏನಾದರೂ ಬಂದರೆ ಗಂಡನಿಗೆ ಹೇಳಿ ಈಗಲೂ ಹಿಂದಿರುಗಬಹುದು.

ಅವಳು ಪುಸ್ತಕವನ್ನು ಹೊರಗೆ ತೆಗೆಯಲಿಲ್ಲ. ಕೈಯನ್ನು ಖಾಲಿಯಾಗಿಯೇ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ದೇವರೇ," ಎಂದಳು ಮೆಲ್ಲಗೆ, "ನೀನು ಇವತ್ತು ಎಂತ ಮಾಡ್ತಿ ಅಂತ ನಂಗೆ ಗೊತ್ತಿಲ್ಲ. ನೀನು ಯಾರು ಅಂತ ಬೆಳಿಗ್ಗೆ ಸ್ವಲ್ಪ ಗೊತ್ತಾಯ್ತು. ನಿನ್ನ ಕೈಯಲ್ಲಿದ್ದೇನೆ."

ಏನೂ ಆಗಲಿಲ್ಲ. ಮಂಜು ಹರಿಯಲಿಲ್ಲ, ಗಂಟೆ ಬಾರಿಸಲಿಲ್ಲ, ಎದೆಯ ಡವಡವ ಕೂಡ ನಿಲ್ಲಲಿಲ್ಲ. ಎಲ್ಕಾನ ಹುಟ್ಟು ಹಾಕುತ್ತಲೇ ಇದ್ದ. ಹೆದರಿಕೆ ಇದ್ದ ಹಾಗೆಯೇ ಸಲೋಮಿ ಆಚೆ ದಡ ಸೇರಿದಳು.

ಆಪರೇಶನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿದರು. ಪೊರೆ ತೀರಾ ಬಲಿತಿದ್ದರಿಂದ ಆ ರಾತ್ರಿ ಅಲ್ಲೇ ಇರಬೇಕು ಎಂದ ಡಾಕ್ಟ್ರಮ್ಮ, "ನನ್ನ ಕೆಲಸ ನಾನು ಮಾಡಿದ್ದೇನೆ. ಪಟ್ಟಿ ಬಿಚ್ಚುವವರೆಗೆ ಏನೂ ಹೇಳಲಾರೆ," ಎಂದರು. ಸಲೋಮಿ ಪೂರ್ತಿ ಕತ್ತಲಲ್ಲಿ ಮಲಗಿದಳು. ಎಲ್ಕಾನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತ.

"ಯಾವ ಕಡೆ ಓದ್ಲಿ?" ಎಂದು ಕೇಳಿದ.

"ಮೊದಲ ಪುಟದಿಂದ," ಎಂದಳು ಸಲೋಮಿ. "ಒಂದು ಹೆಸರೂ ಬಿಡ್ಬೇಡಿ."

ಅವನು ಆದಿಕಾಂಡದಿಂದ ತೊಡಗಿದ. ಲೋಕ ಹುಟ್ಟಿತು, ತೋಟ ಹುಟ್ಟಿತು, ಅಣ್ಣತಮ್ಮಂದಿರು ಜಗಳವಾಡಿದರು, ಜಲಪ್ರಳಯ ಬಂತು. ಪಕ್ಕದ ಮಂಚದ ಮುದುಕಿ, "ಸ್ವಲ್ಪ ಗಟ್ಟಿಯಾಗಿ ಓದಿ ಮಾರಾಯ್ರೆ, ನಂಗೂ ಕೇಳ್ಲಿ," ಎಂದಳು. ಕೇಳುತ್ತಾ ಕೇಳುತ್ತಾ ಸಲೋಮಿಗೆ ನಿದ್ದೆ ಹತ್ತಿತು. ಕನಸಿನಲ್ಲಿ ಅಬ್ರಹಾಮ ಎಲ್ಲಿಗೆಂದು ತಿಳಿಯದೆಯೇ ಗಂಟುಮೂಟೆ ಕಟ್ಟಿ ಹೊರಟಿದ್ದ. ಅವಳೂ ಅವನ ಹಿಂದೆ ಬರಿಗಾಲಲ್ಲಿ ನಡೆಯುತ್ತಿದ್ದಳು. ಮರಳು ಬೆಚ್ಚಗಿತ್ತು. ದಾರಿ ಕೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

ಬೆಳಿಗ್ಗೆ ಪಟ್ಟಿ ಬಿಚ್ಚಲು ನರ್ಸು ಬಂದಳು. ಎಲ್ಕಾನ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

"ಹೆದರಿಕೆ ಆಗ್ತದಾ ಅಮ್ಮ?" ಎಂದು ನರ್ಸು ಕೇಳಿದಳು.

"ಆಗ್ತದೆ," ಎಂದಳು ಸಲೋಮಿ. "ನೀನು ಬಿಚ್ಚು ಮಗಾ. ಕಂಡ್ರೆ ನಾನು ಓದ್ತೇನೆ. ಕಾಣದಿದ್ರೆ ಇವರು ಓದ್ತಾರೆ. ಪುಸ್ತಕ ಮುಗೀಲಿಕ್ಕೆ ಇನ್ನೂ ತುಂಬ ಉಂಟು."

ನರ್ಸು ಪಟ್ಟಿ ಬಿಚ್ಚಿದಳು. ಬೆಳಕು ಬಂತು. ಬೆಳಕಿನ ನಡುವೆ ಒಂದು ಮುಖ ಬಂತು. ಬಿಸಿಲಿಗೆ ಕಪ್ಪಾದ ಮುಖ, ರೆಪ್ಪೆಯೆಲ್ಲ ಒದ್ದೆ. ಸಲೋಮಿ ಕೈ ಚಾಚಿ ಆ ಒದ್ದೆಯನ್ನು ಒರೆಸಿದಳು.

ನೀತಿ: ಬೈಬಲು ಕಣಿ ಹೇಳುವ ಪುಸ್ತಕವಲ್ಲ. ನಮಗೆ ಬೇಕಾದ ಒಂದು ಸಾಲನ್ನು ಹೆಕ್ಕಿಕೊಂಡರೆ ನಮ್ಮ ಹೆದರಿಕೆಯೇ ದೇವರ ದನಿಯಂತೆ ಕೇಳಿಸುತ್ತದೆ. ದಿನವೂ ತಾಳ್ಮೆಯಿಂದ ಪೂರ್ತಿ ಓದಿದರೆ ನಾಳೆ ಏನಾಗುತ್ತದೆ ಎಂಬುದು ತಿಳಿಯದಿರಬಹುದು; ನಾಳೆ ಯಾರ ಕೈಯಲ್ಲಿದೆ ಎಂಬುದು ತಿಳಿಯುತ್ತದೆ. ಅಷ್ಟು ತಿಳಿದವರು ಹೆದರಿಕೆ ಇದ್ದರೂ ದೋಣಿ ಹತ್ತುತ್ತಾರೆ.