ಅಮ್ಮಣ್ಣಿಯ ಎದೆಯ ತೂಬು

"ಕೇಳಿರಯ್ಯಾ ಕೇಳಿರಿ! ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ಜೊತೆಗೆ ಅಮ್ಮಣ್ಣಿಯವರ ಕೈಹಿಡಿಯುವ ಭಾಗ್ಯ. ತಪ್ಪಿದವರಿಗೆ ಅಮಾವಾಸ್ಯೆಯಂದು ಶಿರಚ್ಛೇದ. ಅಲ್ಲಿಯವರೆಗೆ ಊಟ ಅರಮನೆಯದೇ."

ಡಂಗುರ ಕೇಳಿ ಮುದ್ದೀರ ಕೆರೆಯ ತೂಬು ಮುಚ್ಚಿ ಹೊರಟ. ಅವನು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ. ಊಟದ ಮಾತು ಅವನಿಗೆ ಹಿಡಿಸಿತ್ತು.

ಸಭೆಯಲ್ಲಿ ಅರಸರ ಮಗಳು ಹೊನ್ನಾಜಮ್ಮಣ್ಣಿ ಮಂಚದ ಮೇಲೆ ಮಲಗಿಯೇ ಇದ್ದರು. ಒಗಟೆಂದರೆ ಅವರ ಕಾಯಿಲೆಯೇ. ಬಿಡಿಸದಿದ್ದರೆ ಅವರು ಯುಗಾದಿ ಕಾಣುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

"ಮೊದಲನೆಯದು. ಇವತ್ತು ಬೆರಳ ತುದಿ ನೀಲಿ, ನಾಳೆ ಪಾದ ಮರಗಟ್ಟುತ್ತದೆ, ಸದಾ ಸಣ್ಣ ಜ್ವರ. ಹೀಗೆ ಮೈಯೆಲ್ಲ ಅಲೆಯುವ ಕಳ್ಳನ ಮನೆ ಎಲ್ಲಿ? ಎರಡನೆಯದು. ಕೂತರೆ ಉಸಿರು ಕಟ್ಟುತ್ತದೆ, ಮಲಗಿದರೆ ಬಿಡುತ್ತದೆ. ಬಾಗಿಲು ಹಾಕಿ ತೆಗೆಯುವವನು ಯಾರು? ಕೊನೆಯದು. ಎಲ್ಲರ ಎದೆ ಬಡಿತಕ್ಕೆ ಎರಡು ಮಾತಾಡಿದರೆ ನನ್ನದು ಮೂರು. ಆ ಮೂರನೆಯದು ಏನು?"

ಆರು ತಿಂಗಳಿಂದ ಕಷಾಯ ಕುಡಿಸುತ್ತಿದ್ದ ರಾಜವೈದ್ಯ ತ್ರ್ಯಂಬಕ ಪಂಡಿತರು ಎದ್ದರು. "ರಕ್ತನಾಳಗಳ ಉರಿಯೂತ."

"ಎರಡನೆಯದಕ್ಕೆ?"

"ಅದಕ್ಕೂ ಉರಿಯೂತವೇ, ಅಮ್ಮಣ್ಣಿ."

"ಮೂರನೆಯದು?"

"ಅದು ಒಗಟಿನ ತಪ್ಪು."

ಭಟರು ಅವರನ್ನು ಗೌರವದಿಂದಲೇ ಎಳೆದು ತಪ್ಪಿದವರ ಸಾಲಿನಲ್ಲಿ ನಿಲ್ಲಿಸಿದರು. ಪಕ್ಕದ ರಾಜ್ಯದ ಯುವರಾಜ ಮೀಸೆ ತೀಡಿ, ಮೂರನೆಯ ಮಾತು ತನ್ನ ಹೆಸರೇ ಎಂದ. ಅವನನ್ನೂ ಪಂಡಿತರ ಪಕ್ಕಕ್ಕೆ ನಿಲ್ಲಿಸಿದರು.

ಮುದ್ದೀರ ಮುಂದೆ ಬಂದಾಗ ಪಂಡಿತರು ಕೂಗಿದರು: "ಕೆಸರು ತುಳಿಯುವವನಿಗೆ ನಾಡಿ ಗೊತ್ತೇನೋ?"

"ನಾಡಿ ಗೊತ್ತಿಲ್ಲ ಸ್ವಾಮಿ, ಕಾಲುವೆ ಗೊತ್ತು." ಅವನು ಅಮ್ಮಣ್ಣಿಯತ್ತ ತಿರುಗಿದ. "ಹೋದ ವರ್ಷ ನಮ್ಮೂರಲ್ಲಿ ಒಂದು ದಿನ ಮೂಡಲ ಕಾಲುವೆ ಕಟ್ಟಿತು, ಮಾರನೇ ದಿನ ಪಡುವಲದ್ದು. ಕಾಲುವೆಯೇ ಕೆಟ್ಟಿದೆ ಅಂತ ಜನ ಉದ್ದಕ್ಕೂ ಅಗೆದರು. ಕಾಲುವೆ ಚೆನ್ನಾಗಿಯೇ ಇತ್ತು ತಾಯಿ. ಕೆರೆಯೊಳಗೆ, ತೂಬಿನ ಬಾಯಲ್ಲಿ, ಒಂದು ಕಳೆಯ ಮುದ್ದೆ ಬೆಳೆದಿತ್ತು. ಅದರ ಚೂರು ಹರಿದು ಬಂದು ಸಿಕ್ಕಿದ ಕಡೆಯೆಲ್ಲ ನೀರು ನಿಲ್ಲುತ್ತಿತ್ತು. ನಿಮ್ಮ ಕಳ್ಳನ ಮನೆ ಹೃದಯದೊಳಗಿದೆ. ಅದೊಂದು ಗೆಡ್ಡೆ, ತೊಟ್ಟು ಹಿಡಿದು ಜೋತಾಡುತ್ತಿದೆ. ನೀವು ಕೂತರೆ ಬಾಗಿಲಿಗೆ ಅಡ್ಡ ಬೀಳುತ್ತದೆ, ಮಲಗಿದರೆ ಸರಿಯುತ್ತದೆ. ಅದು ಬಡಿಯುವ ಸದ್ದೇ ಮೂರನೆಯ ಮಾತು."

ಶಸ್ತ್ರವೈದ್ಯೆ ಸಿದ್ದಾಯಿಯನ್ನು ಕರೆಸಿದರು. ಆರು ತಿಂಗಳಲ್ಲಿ ಯಾರೂ ಆಕೆಯನ್ನು ಕೇಳಿರಲಿಲ್ಲ. ಎದೆ ತೆರೆದರೆ ಒಳಗೆ ನಿಂಬೆಗಾತ್ರದ, ಲೋಳೆಯಂಥ ಗೆಡ್ಡೆ. ಸಿದ್ದಾಯಿ ತೊಟ್ಟುಸಮೇತ ಕೊಯ್ದಳು. ಕತೆಯಾದ್ದರಿಂದ ಗಾಯ ಏಳೇ ದಿನದಲ್ಲಿ ಮಾಯಿತು.

ಅರಸರು ಅರ್ಧ ರಾಜ್ಯ ಬರೆದುಕೊಟ್ಟು, ಮದುವೆಯ ದಿನವನ್ನೂ ಗೊತ್ತುಮಾಡಿ ಕೇಳಿದರು: "ಇನ್ನೇನು ಬೇಕಪ್ಪ?"

"ಆ ಇಬ್ಬರ ತಲೆ ಉಳಿಸಿಕೊಡಿ, ಮಹಾಸ್ವಾಮಿ."

"ಬರೀ ತಲೆ ಸಾಕೇ?"

"ಸಾಕು. ಒಳಗೆ ತುಂಬಿಕೊಳ್ಳುವುದು ಅವರ ಕೆಲಸ."

ಅಮ್ಮಣ್ಣಿ ನೆಟ್ಟಗೆ ಕೂತು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಉಸಿರು ಕಟ್ಟಲಿಲ್ಲ.