ಲಕ್ಕಿ ಎಲೆಯ ಬೆನ್ನು ಬೆಳ್ಳಗಾದದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಎರೆಮಣ್ಣು ಇನ್ನೂ ಹಸಿಯಾಗಿತ್ತು. ಹಳ್ಳಗಳು ಯಾವ ಕಡೆ ಹರಿಯಬೇಕೆಂದು ತಿಳಿಯದೆ, ಗಾಳಿಯನ್ನು ಕೇಳಿ ಕೇಳಿ ಹರಿಯುತ್ತಿದ್ದವು. ಆಗ ಗಿಡವೂ ಮಾತಾಡುತ್ತಿತ್ತು, ಗಾಳಿಯೂ ಮಾತಾಡುತ್ತಿತ್ತು. ಮನುಷ್ಯರು ಕೂಡಿಟ್ಟ ಕಾಳೂ ಮಾತಾಡುತ್ತಿತ್ತು.

ಆ ಕಾಲದಲ್ಲಿ ಬಾಳವ್ವ ಎಂಬ ಹೆಣ್ಣುಮಗಳು ದಿಬ್ಬದ ಮೇಲಿನ ಹಗೇವನ್ನು ಕಾಯುತ್ತಿದ್ದಳು. ಹಗೇವು ಅಂದರೆ ನೆಲದೊಳಗೆ ಆಳವಾಗಿ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿದ ಗುಂಡಿ. ಇಡೀ ಊರಿನ ಬಿತ್ತನೆಯ ಜೋಳ ಅದರೊಳಗಿತ್ತು.

ಬಾಳವ್ವನ ಗಂಡ ದನ ಹೊಡೆದುಕೊಂಡು ಹೊಳೆಯಾಚೆ ಹೋದರೆ ಮಳೆಗಾಲದ ತನಕ ತಿರುಗುತ್ತಿರಲಿಲ್ಲ. ಮನೆಯಲ್ಲಿ ಅವಳು, ಅವಳ ಅತ್ತೆ ಈರವ್ವ, ಇಬ್ಬರೇ. ಮಾವ ಆ ಸುಗ್ಗಿಯಲ್ಲೇ ತೀರಿಕೊಂಡಿದ್ದ. ಹಗೇವಿಗೆ ಜೋಳ ಸುರಿದವನು ಅವನೇ. ಸುರಿಯುವಾಗ ಹೆಂಡತಿಯನ್ನು ಕೂಗಿ ಕರೆಯುತ್ತಾ, ನಗುತ್ತಾ ಸುರಿದಿದ್ದ. ಕಾಳುಗಳು ಆ ದನಿಯನ್ನೆಲ್ಲ ಕೇಳಿಸಿಕೊಂಡು ಒಳಗೆ ಇಟ್ಟುಕೊಂಡಿದ್ದವು.

ಬಾಳವ್ವ ದಿನವೂ ಕಲ್ಲಿಗೆ ಕಿವಿಯಿಟ್ಟು ಕೇಳುತ್ತಿದ್ದಳು: “ಅದೀರೇನು?”

“ಅದೀವಿ, ಅದೀವಿ, ಅದೀವಿ,” ಎಂದು ಸಾವಿರ ಸಣ್ಣ ದನಿಗಳು ಗಲಗಲ ಅನ್ನುತ್ತಿದ್ದವು. ಇದ್ದೇವೆ ಅನ್ನುವುದನ್ನು ಆ ಸೀಮೆಯಲ್ಲಿ ಹಾಗೇ ಅನ್ನುವುದು.

ಒಂದು ಸುಡುಮಧ್ಯಾಹ್ನ. ನೆರಳು ಕಾಲಡಿ ಮುದುಡಿ ಕೂತಿತ್ತು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಬಾಳವ್ವ ಕೇಳಿದಳು: “ಅದೀರೇನು?”

“ಅದೀವಿ.”

ಸಾವಿರ ದನಿಯಲ್ಲ. ಒಂದೇ ದನಿ. ಒಣಗಿದ ಎಲೆಯನ್ನು ಯಾರೋ ಮೆಲ್ಲಗೆ ತುಳಿದ ಹಾಗೆ.

ಬಾಳವ್ವ ಕಲ್ಲು ಸರಿಸಿದಳು. ಮಲಗಿದವರ ಉಸಿರಿನಂಥ ಬಿಸಿಗಾಳಿ ಮುಖಕ್ಕೆ ತಗಲಿತು. ಕೈ ಚಾಚಿ ಒಂದು ಹಿಡಿ ಜೋಳ ತೆಗೆದಳು. ಕಾಳು ದುಂಡಗಿತ್ತು, ಎಲ್ಲೂ ಊನವಿರಲಿಲ್ಲ. ಎರಡು ಬೆರಳಲ್ಲಿ ಒತ್ತಿದಳು. ಪುಸ್ಸೆಂದು ಹಿಟ್ಟು ಹಾರಿತು. ಬರೀ ಸಿಪ್ಪೆ! ಅದರೊಳಗೆ ತೊಟ್ಟಿಲ ಕೂಸಿನಂತೆ ಒಂದು ಕರಿ ನುಸಿ ಮಲಗಿತ್ತು.

“ಕಾಳ ಎಲ್ಲಿ?” ಎಂದಳು ಬಾಳವ್ವ.

“ತಿಂದ್ವಿ,” ಎಂದಿತು ಕೆಳಗಿನ ದನಿ. “ಈಗ ಕಾಳಂದ್ರ ನಾವ. ಕಲ್ಲ ಮುಚ್ಚು, ಬೆಳಕ ಚುಚ್ಚತೈತಿ.”

ನುಸಿ ತಿರುಳನ್ನು ತಿಂದಿತ್ತು. ತಿರುಳಿನ ಜೊತೆ ದನಿಯನ್ನೂ ತಿಂದಿತ್ತು.

ಬಾಳವ್ವ ಮನೆಗೆ ಓಡಿ ಅತ್ತೆಗೆ ಹೇಳಿದಳು. ಈರವ್ವ ಬೆದರಲಿಲ್ಲ. ಸಣ್ಣಗೆ ನಕ್ಕಳು. “ನನಗೂ ಕೇಳಿಸೈತಿ. ನಿಮ್ಮ ಮಾವ ಕರೀತಾನ.”

“ಅತ್ತೀ, ಅದು ಮಾವ ಅಲ್ಲ. ನುಸಿ.”

“ಇರಲಿ. ದನಿ ಅವಂದ ಐತಿ. ಅದನ್ನ ಸಾಯಿಸಬ್ಯಾಡ ಬಾಳವ್ವಾ.”

ಮರುದಿನ ಮಧ್ಯಾಹ್ನ ಅತ್ತೆ ಮನೆಯಲ್ಲಿರಲಿಲ್ಲ. ಬಾಳವ್ವ ಎದ್ದುಬಿದ್ದು ದಿಬ್ಬ ಹತ್ತಿದಳು. ಹಗೇವಿನ ಕಲ್ಲು ಸರಿದಿತ್ತು. ಕೆಳಗಿನಿಂದ ಸತ್ತ ಮಾವನ ದನಿ ಬರುತ್ತಿತ್ತು: “ಈರೀ, ಇನ್ನೂ ಕೆಳಗ ಬಾ. ಇಲ್ಲೆ ಬೆಚ್ಚಗೈತಿ.”

ಈರವ್ವ ಸೊಂಟದ ತನಕ ಜೋಳದಲ್ಲಿ ಹೂತಿದ್ದಳು. ತಲೆಗೂದಲು, ಮುಖ, ರೆಪ್ಪೆ ಎಲ್ಲ ಹಿಟ್ಟಿನಲ್ಲಿ ಬೆಳ್ಳಗಾಗಿದ್ದವು. ತೋಳಿನ ಮೇಲೆ ನುಸಿಗಳು ಸಾಲಾಗಿ ಹರಿಯುತ್ತಿದ್ದವು. ಅವಳು ಕಣ್ಣು ಮುಚ್ಚಿಕೊಂಡು ಮುಗುಳ್ನಗುತ್ತಿದ್ದಳು. ಬಾಳವ್ವ ಎಷ್ಟು ಕೂಗಿದರೂ ಕೈ ಕೊಡಲಿಲ್ಲ.

“ಗಾಳೀ, ಏನ ಮಾಡ್ಲಿ?” ಎಂದು ಬಾಳವ್ವ ಅತ್ತಳು.

“ಹಳ್ಳದ ದಂಡೀಗೆ ಲಕ್ಕಿ ಐತಿ, ಓಡು,” ಎಂದಿತು ಗಾಳಿ. “ಅದರ ವಾಸನಿಗೆ ನಾನೂ ಸುತ್ತ ಹಾಕ್ಕೊಂಡ ಹೋಗ್ತೀನಿ.”

ಆಗ ಲಕ್ಕಿಯ ಎಲೆ ಎರಡೂ ಕಡೆ ಕಡುಹಸಿರಾಗಿತ್ತು. “ದನಾನೂ ನನ್ನ ಮೂಸಂಗಿಲ್ಲ,” ಎಂದಿತು ಗಿಡ. “ನನ್ನ ರಸ ಬಿದ್ದಲ್ಲೆ ಆ ದನಿ ಉಳಿಯಂಗಿಲ್ಲ. ತಿಳಕೊಂಡ ಒಯ್ಯಿ.”

ಬಾಳವ್ವ ತೋಳು ತುಂಬ ಎಲೆ ತರಿದಳು. ಅರ್ಧವನ್ನು ಕಲ್ಲಿನ ಮೇಲೆ ಜಜ್ಜಿ, ಹಸಿರು ರಸವನ್ನು ಗಡಿಗೆಗೆ ಹಿಂಡಿದಳು. ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು. ಗಡಿಗೆ ಹೊತ್ತು, ಉಳಿದ ಎಲೆ ಅವಚಿಕೊಂಡು ಓಡಿದಳು.

ಈರವ್ವ ಎದೆಮಟ್ಟ ಮುಳುಗಿದ್ದಳು.

“ಅತ್ತೀ, ಒಂದ ಮಾತ ಕೇಳು ಅವನ್ನ. ಈ ವರ್ಷ ಊರ ಮಂದಿ ಏನ ಬಿತ್ತಬೇಕು?”

ಈರವ್ವ ನಿದ್ದೆಗಣ್ಣಿನಲ್ಲೇ ಕೇಳಿದಳು.

“ಬಿತ್ತೂದು ಬ್ಯಾಡ,” ಎಂದಿತು ದನಿ. “ಎಲ್ಲಾರೂ ಇಳದ ಬರ್ರಿ. ಇಲ್ಲೆ ಬೆಚ್ಚಗೈತಿ.”

ಈರವ್ವನ ಕಣ್ಣು ತೆರೆಯಿತು. “ಉಪವಾಸ ಬಿದ್ದರೂ ಬೀಜದ ಜೋಳ ಮುಟ್ಟದಂವ ಅವ,” ಎಂದಳು. “ಅವ ಹಿಂಗ ಅನ್ನಾಂವ ಅಲ್ಲ.”

ಅವಳು ಕೈ ಮೇಲೆತ್ತಿದಳು. ಬಾಳವ್ವ ಹಿಡಿಯಹೋದರೆ, “ನನ್ನ ಆಮ್ಯಾಲ ಎಳಿ. ಗಡಿಗಿ ಕೊಡು,” ಎಂದಳು.

ಈರವ್ವ ತಾನೇ ರಸವನ್ನು ಸುತ್ತಲೂ ಎರಚಿದಳು. ಹುಲ್ಲಿನ ಗೋಡೆಗೆ ಬಳಿದಳು. ಮೇಲಿನಿಂದ ಬಾಳವ್ವ ಎಲೆ ಸುರಿದಳು. ಹಗೇವು ಕೊತಕೊತ ಕುದಿದಂತೆ ಸದ್ದಾಯಿತು. ಒಂದು ದನಿ ಒಡೆದು ಸಾವಿರವಾಯಿತು, ಸಾವಿರವೂ ಒಂದೊಂದಾಗಿ ಆರಿದವು. ಕೊನೆಗೆ ತೀರ ಹತ್ತಿರದಲ್ಲಿ, “ಈರೀ...” ಎಂದಿತು ಒಂದು. ಈರವ್ವ ಬಿಕ್ಕಿದಳು. ಆದರೆ ಅವಳ ಕೈ ನಿಲ್ಲಲಿಲ್ಲ.

ಆಮೇಲೆ ಏನೂ ಇಲ್ಲ. ನುಸಿಗಳೆಲ್ಲ ಕಾಲು ಮಡಚಿ ಅಂಗಾತ ಬಿದ್ದಿದ್ದವು.

ಬಾಳವ್ವ ಅತ್ತೆಯನ್ನು ಮೇಲೆಳೆದಳು. ಇಬ್ಬರೂ ಸೇರಿ ನುಸಿಯನ್ನು ತೋಡಿ ತೋಡಿ ಬಿಸಿಲಿಗೆ ಸುರಿದರು. ಸತ್ತವು ಅಂದುಕೊಂಡು ಬಾಳವ್ವ ಪಕ್ಕಕ್ಕೆ ಸರಿದಳು. ಅವಳ ನೆರಳು ಸರಿದದ್ದೇ, ಅವು ಕಾಲು ಬಿಚ್ಚಿ ಎದ್ದು, ಹುಲ್ಲಿನೊಳಗೆ ನಡೆದುಹೋದವು.

ಹಗೇವಿನ ತಳದಲ್ಲಿ ಒಂದಿಷ್ಟು ಗಟ್ಟಿಕಾಳು ಉಳಿದಿತ್ತು. “ಅದೀರೇನು?” ಎಂದು ಬಾಳವ್ವ ಕೇಳಿದಳು. ಅವು ಹೆದರಿ ಬಾಯಿ ಬಿಡಲಿಲ್ಲ. ಅಂದಿನಿಂದ ಇಂದಿನ ತನಕ ಕಾಳು ಮಾತಾಡಿಲ್ಲ. ಆದರೆ ಬಿತ್ತಿದಾಗ ಮೊಳೆತವು, ಊರು ಉಂಡಿತು.

ಹಗೇವಿಗೆ ಸುರಿದ ಲಕ್ಕಿ ಎಲೆಗಳು ಬೆನ್ನಡಿಯಾಗಿ ಬಿದ್ದು, ಆ ಹಿಟ್ಟು ಬೆನ್ನಿಗೆ ಮೆತ್ತಿಕೊಂಡಿತು. ಹಳ್ಳದ ದಂಡೆಯ ಗಿಡದಲ್ಲೂ ಆಮೇಲೆ ಹುಟ್ಟಿದ ಎಲೆಯೆಲ್ಲ ಹಾಗೇ ಹುಟ್ಟಿತು. ಯಾವ ಮಳೆಗೂ ಅದು ತೊಳೆದುಹೋಗಲಿಲ್ಲ.

ಅದಕ್ಕೇ ಮಗೂ, ಇವತ್ತಿಗೂ ಲಕ್ಕಿ ಎಲೆ ಮೇಲೆ ಹಸಿರು, ಮಗುಚಿದರೆ ಬೂದಿಬಿಳುಪು. ಅದಕ್ಕೇ ಅವ್ವ ಜೋಳದ ಚೀಲದೊಳಗೆ ಲಕ್ಕಿ ಸೊಪ್ಪು ಇಡುವುದು. ಮೊರದಲ್ಲಿ ನುಸಿಯನ್ನು ಬೆರಳಿಂದ ಮುಟ್ಟಿ ನೋಡು: ಕಾಲು ಮಡಚಿ ಸತ್ತಂತೆ ಬೀಳುತ್ತದೆ. ಅದು ಸತ್ತಿರುವುದಿಲ್ಲ, ಮನೆಯವರು ಯಾರು ಯಾರನ್ನು ಏನೆಂದು ಕರೆಯುತ್ತಾರೆಂದು ಕೇಳಿಸಿಕೊಳ್ಳುತ್ತಾ ಮಲಗಿರುತ್ತದೆ.