ನಗದ ಕೆಂಚವ್ವ

ನಗು ಬಾರದೆ ಯಾರೂ ನಗಬಾರದು. ಹೊನ್ನಗುಡ್ಡದ ಶಾಲೆಯ ಬಾಗಿಲ ಮೇಲೆ ಹಳೆಯ ಅರಸನೊಬ್ಬ ಕೆತ್ತಿಸಿದ ಕಟ್ಟಳೆ ಇದು. ಈಗಿನ ಅರಸ ಧವಳರಾಯನ ಕಾಲಕ್ಕೆ ಅದನ್ನು ಮುರಿಯದವರೇ ಇರಲಿಲ್ಲ. ಅವನು ನಗೆಪದ್ಯ ಕಟ್ಟುತ್ತಿದ್ದ. ಊರೆಲ್ಲ ಹೊಟ್ಟೆ ಹಿಡಿದು ನಗುತ್ತಿತ್ತು.

ಒಂದು ದಿನ ಅರಸ ಡಂಗುರ ಸಾರಿಸಿದ: "ನನ್ನ ಮೂರು ನಗೆಪದ್ಯಗಳ ಗುಟ್ಟು ಬಿಡಿಸಿದವರೇ ಮಕ್ಕಳಿಗೆ ಗುರು. ಶಾಲೆಯ ಬೀಗದ ಕೈ ಅವರದು. ತಪ್ಪಿದರೆ ಅವರ ತಲೆ ನನ್ನದು."

ಮೊದಲು ಆಸ್ಥಾನಕವಿ ಬಂದ. ಅರಸ ಕೇಳಿದ: "ಆಸ್ಥಾನಕ್ಕೆ ಬಂದರೆ ಬಾಗಿಲು ಸಾಲದು, ನೆಲ ಗುಡಿಸುವುದು ಮೂಗಿನಿಂದಲೇ. ಯಾರು?"

"ತಮ್ಮ ಪಾದಕ್ಕೆ ಬಿದ್ದ ಶತ್ರು, ದೊರೆ!" ಎಂದು ಕವಿ ನಕ್ಕ. ತಲೆ ಹೋಗುವ ದಿನ ಎಣಿಸಲು ನಗುತ್ತಲೇ ಸೆರೆಮನೆಗೆ ಹೋದ.

ಆಮೇಲೆ ಬಂದ ಪಂಡಿತ ಅದನ್ನು ಹೇಗೋ ದಾಟಿದ. ಎರಡನೆಯದು: "ಮೊನ್ನೆ ಹರಿಯುತ್ತಿದ್ದೆ, ಸದ್ದಿಲ್ಲದೆ ಕೂತು ಗಟ್ಟಿಯಾದೆ, ರುಚಿಯೆಂದವರೇ ಕಡೆದು ನೀರುನೀರು ಮಾಡಿದರು."

"ಯುದ್ಧದಲ್ಲಿ ತಮಗೆ ಸೋತ ಸಾಮಂತ!" ಅವನೂ ಸೆರೆಮನೆ ಸೇರಿದ.

ಮೂರನೆಯವಳು ಕೆಂಚವ್ವ. ಮಕ್ಕಳು ಅಕ್ಷರ ತಿದ್ದಲು ಶಾಲೆಯಲ್ಲಿ ಮರಳು ಹರಡುವವಳು. ತಲೆಯ ಮೇಲೆ ಮರಳಿನ ಬುಟ್ಟಿ.

"ನಿನಗ್ಯಾಕಮ್ಮ ಈ ಉಸಾಬರಿ?" ಎಂದ ಅರಸ.

"ಗುರು ಇಲ್ಲದೆ ಮಕ್ಕಳು ಮೂರು ತಿಂಗಳಿಂದ ಸುಮ್ಮನೆ ಕೂತಿವೆ, ದೊರೆ. ಪದ್ಯ ಹೇಳಿ."

ಅರಸ ಹೇಳಿದ ಎರಡು ಪದ್ಯಗಳ ಸಾಲುಗಳನ್ನು ಅವಳು ಬುಟ್ಟಿಯಿಂದ ನೆಲಕ್ಕೆ ಹರಡಿದ ಮರಳಿನ ಮೇಲೆ ಒಂದರ ಕೆಳಗೊಂದು ಬರೆದಳು. ದಿನವೂ ಶಾಲೆಯಲ್ಲಿ ಒರೆಸುವಂತೆ ಬಲದಿಂದ ಎಡಕ್ಕೆ ಅಂಗೈ ಎಳೆದಳು. ಕೊನೆಗೆ ಉಳಿದದ್ದು ಸಾಲುಗಳ ಮೊದಲ ಅಕ್ಷರ ಮಾತ್ರ.

"ಮೇಲಿಂದ ಕೆಳಗೆ ಓದಿ, ದೊರೆ. ಮೊದಲನೆಯದು ಆನೆ. ಎರಡನೆಯದು ಮೊಸರು." ಅವಳಿಗೆ ನಗು ತಡೆಯಲಾಗಲಿಲ್ಲ. "ಮೂಗಿನಲ್ಲಿ ಗುಡಿಸೋದಂತೆ! ಮಕ್ಕಳಿಗೆ ಇದು ಬಲು ಸೇರುತ್ತೆ."

ಅರಸನ ಮುಖ ಬಿಗಿಯಿತು. "ಮೂರನೆಯದು ಕೇಳು. 'ಅಳತೆಯಿಲ್ಲದ ಕೀರ್ತಿ, ರತ್ನದಂಥ ಮಾತು, ಸಭೆಯೆಲ್ಲ ನಗುತ್ತದೆ.' ಇದು ಅರಸ ಎಂದು ಈಗ ಯಾರು ಬೇಕಾದರೂ ಹೇಳಬಲ್ಲರು. ನನ್ನ ಪ್ರಶ್ನೆ ಬೇರೆ. ಸಭೆ ನಗುವುದು ಏಕೆ?"

ಸಭೆ ಆಗಲೇ ಬಿದ್ದುಬಿದ್ದು ನಗುತ್ತಿತ್ತು.

"ನಿಮ್ಮ ಪಕ್ಕದಲ್ಲಿ ಕತ್ತಿ ಹಿಡಿದು ನಿಂತಿದ್ದಾನಲ್ಲ, ಅವನನ್ನು ನೋಡಿ," ಎಂದಳು ಕೆಂಚವ್ವ.

"ಸುಳ್ಳು!"

"ಹಾಗಾದರೆ ಅವನನ್ನು ಹೊರಗೆ ಕಳಿಸಿ, ಇನ್ನೊಮ್ಮೆ ಓದಿ."

ಅರಸ ಕಳಿಸಿದ. ಮತ್ತೆ ಓದಿದ. ಯಾರೂ ನಗಲಿಲ್ಲ. ಮಂತ್ರಿ ಆಕಳಿಸಿದ.

ಅರಸ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟ. "ಉತ್ತರ ಸರಿ. ಇನ್ನೇನು ಬೇಕು?"

"ಸೆರೆಯಲ್ಲಿರುವ ಇಬ್ಬರನ್ನು ಬಿಡಿ."

ಇಬ್ಬರೂ ಬಂದು ನಿಂತರು. ಆಗ ಅರಸ ಕತ್ತಿಯವನನ್ನು ಒಳಗೆ ಕರೆದ. "ಕೊಟ್ಟದ್ದನ್ನು ಹಿಂದಕ್ಕೆ ಕೇಳುವವನಲ್ಲ ನಾನು. ಆದರೆ ನನ್ನ ಮಾನ ಉಳಿಯಬೇಕು. ಮೂರನೆಯ ಪದ್ಯಕ್ಕೆ ಒಂದು ಸಾರಿ ನಗು, ಕೆಂಚವ್ವ. ಒಂದೇ ಸಾರಿ."

"ನಕ್ಕುಬಿಡೇ ತಾಯಿ, ನಿನ್ನ ಗಂಟೇನು ಹೋಗುತ್ತೆ?" ಎಂದು ಕವಿ ಪಿಸುಗುಟ್ಟಿದ.

"ನಗು ಬಾರದೆ ನಾನು ಇಲ್ಲಿ ನಕ್ಕು, ನಾಳೆ ಮಕ್ಕಳಿಗೆ ಏನು ಕಲಿಸಲಿ?"

ಕತ್ತಿ ಒರೆಯಿಂದ ಅರ್ಧ ಹೊರಗೆ ಬಂತು. ಕೆಂಚವ್ವ ಅದನ್ನು ನೋಡಿದಳು, ಅರಸನನ್ನು ನೋಡಿದಳು. ಬುಟ್ಟಿಯನ್ನು ತಲೆಗೇರಿಸಿಕೊಂಡು, ಸಿಂಹಾಸನಕ್ಕೆ ಬೆನ್ನು ಮಾಡಿ, ಶಾಲೆಯ ಬಾಗಿಲು ತೆರೆಯಲು ನಡೆದಳು.